32ನೇ ಸೆಕೆಂಡಿಗೆ ಸರಿಯಾಗಿ ಕಾಲ್ ಕಟ್ ಆಗುತ್ತಿದೆ (ಆಸ್ಟರಿಸ್ಕ್), ದಯವಿಟ್ಟು ಸಹಾಯ ಮಾಡಿ

ತೋಟದಮನೆ | ಭಾನುವಾರ ರಾತ್ರಿ 9:40

ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ಯಾರಾದರೂ ದಾರಿ ತೋರಿಸಿ. ಮನೆಯಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಆಸ್ಟರಿಸ್ಕ್ (ಮನೆಯಲ್ಲೇ ಟೆಲಿಫೋನ್ ಎಕ್ಸ್‌ಚೇಂಜ್ ನಡೆಸುವ ಸಾಫ್ಟ್‌ವೇರ್) ಹಾಕಿದ್ದೇನೆ. ಜಗಲಿಯಲ್ಲಿ ಒಂದು ಐಪಿ ಫೋನ್, ಪಂಪ್‌ಹೌಸಿನಲ್ಲಿ ಒಂದು, ಮೈಸೂರಿನಲ್ಲಿ ಓದುವ ಮಗಳ ಮೊಬೈಲಿನಲ್ಲಿ ಸಾಫ್ಟ್‌ಫೋನ್. ಮಗಳ ಜೊತೆ ಮಾತಾಡುವಾಗ ಅರ್ಧ ನಿಮಿಷಕ್ಕೆ ಕಾಲ್ ಕಟ್. ಗಡಿಯಾರ ಹಿಡಿದು ನೋಡಿದೆ, ಪ್ರತಿ ಸಲವೂ 32 ಸೆಕೆಂಡು. ಧ್ವನಿ ಎರಡೂ ಕಡೆ ಸ್ಪಷ್ಟ. ಅಜ್ಜಿ "ಊಟ ಆಯ್ತಾ" ಅಂತ ಕೇಳಿ, ಅವಳು ಹಾಸ್ಟೆಲಿನ ಸಾರಿನ ಕಥೆ ಶುರು ಮಾಡುವಷ್ಟರಲ್ಲಿ ಫೋನ್ ಸತ್ತು ಹೋಗುತ್ತದೆ. ಮೊದಲು ಸರಿಯಾಗಿಯೇ ಇತ್ತು. ನಾನು ಏನೂ ಬದಲಾಯಿಸಿಲ್ಲ. ಸೆಟ್ಟಿಂಗ್ ಎಲ್ಲ ಮಾಮೂಲಿ.

ಪ್ಯಾಕೆಟ್_ಪ್ರಿಯ | ಭಾನುವಾರ ರಾತ್ರಿ 9:52

ಸಿಪ್ ಎಎಲ್‌ಜಿ. ಕಣ್ಣು ಮುಚ್ಚಿ ಹೇಳುತ್ತೇನೆ. ಇಂಟರ್ನೆಟ್ ಕಾಲ್ ಜೋಡಿಸುವ, ಮುಗಿಸುವ ಮೆಸೇಜುಗಳ ಭಾಷೆಯೇ ಸಿಪ್. ಆ ಮೆಸೇಜಿನ ಒಳಗೂ ಐಪಿ ವಿಳಾಸ ಬರೆದಿರುತ್ತದೆ. ರೂಟರಿನಲ್ಲಿರುವ ಎಎಲ್‌ಜಿ ಅನ್ನುವ ಸೌಲಭ್ಯ ಅದನ್ನು ತಾನೇ ತಿದ್ದಲು ಹೋಗಿ ಕೆಡಿಸುತ್ತದೆ. ರೂಟರ್ ಪುಟಕ್ಕೆ ಹೋಗಿ ಆಫ್ ಮಾಡಿ, ರೀಬೂಟ್ ಮಾಡಿ, ಮುಗಿಯಿತು.

ಜಿಟ್ಟರ್‌ಬಫರ್ | ಭಾನುವಾರ ರಾತ್ರಿ 10:15

ಯಾವ ಕೋಡೆಕ್ (ಧ್ವನಿಯನ್ನು ಡಿಜಿಟಲ್ ಮಾಡುವ ವಿಧಾನ)? ಜಿ.711 ಆದರೆ ಹಳ್ಳಿಯ ಲೈನಿಗೆ ಭಾರ ಆಗಬಹುದು. ಓಪಸ್ ಕೋಡೆಕ್ ಹಾಕಿ ನೋಡಿ. ನಾನು ಮನೆಯಲ್ಲಿ ಎಲ್ಲವನ್ನೂ ಓಪಸ್‌ಗೆ ಬದಲಾಯಿಸಿದ್ದೇನೆ, ರೂಟರಿನಲ್ಲಿ ಧ್ವನಿಗೆ ಬೇರೆ ಕ್ಯೂ, ಹಿಂದೆ ಒಂದು ಮ್ಯಾನೇಜ್ಡ್ ಸ್ವಿಚ್, ಯುಪಿಎಸ್ ಕೂಡ. ಒಂದು ಪ್ಯಾಕೆಟೂ ಕಳೆದುಹೋಗುವುದಿಲ್ಲ.

ಹಳೇಎಕ್ಸ್‌ಚೇಂಜ್ | ಭಾನುವಾರ ರಾತ್ರಿ 10:31

ತೋಟದಮನೆಯವರೇ, ಒಂದೇ ಪ್ರಶ್ನೆ. ಯಾರು ಯಾರಿಗೆ ಮಾಡಿದಾಗ ಕಟ್ ಆಗುವುದು? ಮಗಳು ನಿಮಗೆ ಮಾಡಿದಾಗಲೋ, ನೀವು ಮಗಳಿಗೆ ಮಾಡಿದಾಗಲೂ ಹಾಗೆಯೋ?

ಪ್ಯಾಕೆಟ್_ಪ್ರಿಯ | ಭಾನುವಾರ ರಾತ್ರಿ 10:34

@ಜಿಟ್ಟರ್‌ಬಫರ್ ಜಿ.711 ಭಾರ ಅಂದರೆ ಏನು ಲೆಕ್ಕ? ಸೆಕೆಂಡಿಗೆ 50 ಪ್ಯಾಕೆಟ್. ಒಂದೊಂದರಲ್ಲಿ 20 ಮಿಲಿಸೆಕೆಂಡಿನ ಧ್ವನಿ, 160 ಬೈಟ್. ಐಪಿ, ಯುಡಿಪಿ, ಆರ್‌ಟಿಪಿ ತಲೆಬರಹ ಸೇರಿ ಇನ್ನು 40 ಬೈಟ್. ಒಟ್ಟು ಸೆಕೆಂಡಿಗೆ 80 ಕಿಲೋಬಿಟ್, ಒಂದು ಕಡೆಗೆ. ಫೈಬರ್ ಲೈನಿಗೆ ಇದು ಲೆಕ್ಕಕ್ಕೇ ಇಲ್ಲ. ಲೈನ್ ಸಾಲದಿದ್ದರೆ ಧ್ವನಿ ಒಡೆಯುತ್ತದೆ, ಗಡಿಯಾರ ನೋಡಿಕೊಂಡು 32ಕ್ಕೇ ಕಟ್ ಆಗಲ್ಲ. ಎಎಲ್‌ಜಿ ಆಫ್ ಮಾಡಿ ಸರ್.

ಜಿಟ್ಟರ್‌ಬಫರ್ | ಭಾನುವಾರ ರಾತ್ರಿ 10:50

ಫೈಬರ್ ಅಂತ ಅವರು ಎಲ್ಲಿ ಹೇಳಿದ್ದಾರೆ? ನೀವೇ ಊಹೆ ಮಾಡಿಕೊಂಡು ನನಗೆ ಲೆಕ್ಕ ಹೇಳಬೇಡಿ.

ತೋಟದಮನೆ | ಸೋಮವಾರ ಬೆಳಿಗ್ಗೆ 6:20

ಫೈಬರೇ. ಕೋಡೆಕ್ ಎ-ಲಾ (ಜಿ.711ರ ಒಂದು ಬಗೆ). ಎಎಲ್‌ಜಿ ಅನ್ನುವ ಆಯ್ಕೆ ಈ ಮೋಡೆಮ್‌ನಲ್ಲಿ ಕಾಣುತ್ತಿಲ್ಲ. ಎಲ್ಲ ಪುಟ ತೆಗೆದು ನೋಡಿದೆ.

ಪ್ಯಾಕೆಟ್_ಪ್ರಿಯ | ಸೋಮವಾರ ಬೆಳಿಗ್ಗೆ 8:05

ಕಾಣುವುದಿಲ್ಲ ಅಂದರೆ ಇಲ್ಲ ಅಂತ ಅಲ್ಲ. ಕೆಲವು ಮೋಡೆಮ್‌ಗಳಲ್ಲಿ ಅಡ್ಮಿನ್ ಲಾಗಿನ್ ಬೇರೆ ಇರುತ್ತದೆ. ಇಲ್ಲದಿದ್ದರೆ ಸಿಪ್ ಪೋರ್ಟನ್ನು 5060 ಬಿಟ್ಟು 5160ಕ್ಕೆ ಬದಲಾಯಿಸಿ. ಎಎಲ್‌ಜಿ ಸಾಮಾನ್ಯವಾಗಿ 5060ರ ಮೇಲೆ ಮಾತ್ರ ಕಣ್ಣಿಟ್ಟಿರುತ್ತದೆ.

ಮಲ್ಪೆ_ರೇಡಿಯೋ | ಸೋಮವಾರ ಬೆಳಿಗ್ಗೆ 9:12

ಇಷ್ಟೆಲ್ಲ ಯಾಕೆ ಮಾರಾಯ್ರೇ, ಮಗಳಿಗೆ ವಾಟ್ಸಾಪ್ ಕಾಲ್ ಮಾಡಬಹುದಲ್ವಾ? ಇನ್ನೊಂದು ಮಾತು. ಮನೆಯ ಲ್ಯಾಂಡ್‌ಲೈನ್‌ಗೆ ಇದನ್ನು ಜೋಡಿಸಿದ್ದರೆ ಹುಷಾರು. ಇಂಟರ್ನೆಟ್‌ನಲ್ಲಿ ಬಂದ ಕಾಲನ್ನು ಸಾಮಾನ್ಯ ಟೆಲಿಫೋನ್ ಜಾಲಕ್ಕೆ ಕಳ್ಳದಾರಿಯಲ್ಲಿ ದಾಟಿಸುವುದು ಇಲ್ಲಿ ಅಪರಾಧ.

ತೋಟದಮನೆ | ಸೋಮವಾರ ಮಧ್ಯಾಹ್ನ 1:30

ಲ್ಯಾಂಡ್‌ಲೈನ್ ಇಲ್ಲವೇ ಇಲ್ಲ. ಹೊರಗಿನ ಯಾವ ನಂಬರೂ ಇಲ್ಲ. ನಮ್ಮ ನಮ್ಮೊಳಗೆ ಮಾತ್ರ. 101 ಜಗಲಿ, 102 ಪಂಪ್‌ಹೌಸ್, 103 ಮಗಳು.

ವಾಟ್ಸಾಪ್ ಯಾಕಲ್ಲ ಅಂದರೆ ನಮ್ಮ ತೋಟ ಕಣಿವೆಯಲ್ಲಿದೆ, ಮೊಬೈಲ್ ಸಿಗ್ನಲ್ ಬರುವುದಿಲ್ಲ. ಅಮ್ಮನಿಗೆ 80 ದಾಟಿದೆ. ಟಚ್ ಫೋನಿನಲ್ಲಿ ಹಸಿರು ಗುಂಡಿ ಎಳೆಯಲು ಅವರ ಬೆರಳಿಗೆ ಆಗುವುದಿಲ್ಲ. ರಿಸೀವರ್ ಎತ್ತಿ ಮಾತಾಡುವುದು ಗೊತ್ತು. ಮೊಮ್ಮಗಳ ಫೋನ್ ಬರುತ್ತದೆ ಅಂತ ಸಂಜೆ 7ಕ್ಕೇ ಜಗಲಿಯಲ್ಲಿ ಕೂತಿರುತ್ತಾರೆ. ಅದಕ್ಕೇ ಇಷ್ಟು ಪಾಡು ಪಡುತ್ತಿದ್ದೇನೆ.

ಪೋರ್ಟ್ 5160 ಮಾಡಿದೆ. ಅದೇ 32.

ಮಲ್ಪೆ_ರೇಡಿಯೋ | ಸೋಮವಾರ ಮಧ್ಯಾಹ್ನ 1:48

ಅರ್ಥ ಆಯ್ತು ಸರ್, ತಪ್ಪು ತಿಳಿಯಬೇಡಿ. ನಮ್ಮ ಅಜ್ಜಿಗೂ ಹೀಗೇ ಆಗಿತ್ತು. ನಾನು ಎಟಿಎ ಡಬ್ಬಿ (ಹಳೇ ಫೋನನ್ನು ಇಂಟರ್ನೆಟ್ ಕಾಲಿಗೆ ಜೋಡಿಸುವುದು) ತಂದು ಅವರ ಹಳೇ ಕಪ್ಪು ಡಯಲ್ ಫೋನನ್ನೇ ಅದಕ್ಕೆ ಸಿಕ್ಕಿಸಿದೆ. ಡಯಲ್ ತಿರುಗಿಸಿದರೆ ಬರುವ ಪಲ್ಸ್ ಎಲ್ಲ ಎಟಿಎಗಳಿಗೂ ಅರ್ಥ ಆಗಲ್ಲ, ನೋಡಿ ತೆಗೆದುಕೊಳ್ಳಬೇಕು. ಗಂಟೆ ಹೊಡೆದರೆ ಅಂಗಳದ ತನಕ ಕೇಳುತ್ತದೆ. ಬೇಕಾದರೆ ಫೋಟೋ ಹಾಕುತ್ತೇನೆ.

ಜಿಟ್ಟರ್‌ಬಫರ್ | ಸೋಮವಾರ ಮಧ್ಯಾಹ್ನ 2:10

ಫೋಟೋ ಹಾಕಿ ಹಾಕಿ. ಗಂಟೆ ಬಾರಿಸುವಷ್ಟು ಕರೆಂಟ್ ಆ ಡಬ್ಬಿ ಕೊಡುತ್ತದಾ? ನನ್ನ ಹತ್ತಿರವೂ ಒಂದು ಹಳೇ ಫೋನಿದೆ.

ಹಳೇಎಕ್ಸ್‌ಚೇಂಜ್ | ಸೋಮವಾರ ಸಂಜೆ 5:45

ನನ್ನ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಯಾರು ಯಾರಿಗೆ ಮಾಡಿದಾಗ? ನಾನು 30 ವರ್ಷ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವನು. ದೂರು ಬಂದರೆ ಮೊದಲು ಕೇಳುತ್ತಿದ್ದದ್ದೇ ಇದು: ಹೋಗುವ ಕಾಲೋ, ಬರುವ ಕಾಲೋ. ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ತೋಟದಮನೆ | ಸೋಮವಾರ ರಾತ್ರಿ 8:30

ಕ್ಷಮಿಸಿ ಸರ್. ಈಗ ಎರಡೂ ಮಾಡಿ ನೋಡಿದೆ. ಮಗಳು ಮಾಡಿದರೆ ಕಟ್ ಆಗುತ್ತದೆ. ಜಗಲಿಯಿಂದ ಅವಳಿಗೆ ಮಾಡಿದರೆ ಕಟ್ ಆಗುವುದಿಲ್ಲ, 6 ನಿಮಿಷ ಮಾತಾಡಿದೆವು! ಯಾವಾಗಲೂ ಅವಳೇ ಮಾಡುವುದು, ಹಾಗಾಗಿ ಇದು ಗೊತ್ತೇ ಆಗಿರಲಿಲ್ಲ. ಜಗಲಿಗೂ ಪಂಪ್‌ಹೌಸಿಗೂ ನಡುವೆ ಯಾವತ್ತೂ ತೊಂದರೆ ಇಲ್ಲ.

ಲ್ಯಾಬ್_ಸುಮ | ಸೋಮವಾರ ರಾತ್ರಿ 9:05

ಹಳೇಎಕ್ಸ್‌ಚೇಂಜ್ ಸರ್ ಕೇಳಿದ್ದು ಸರಿಯಾದ ಪ್ರಶ್ನೆ. ಆಸ್ಟರಿಸ್ಕ್ ಕನ್ಸೋಲಿನಲ್ಲಿ "ಪಿಜೆಸಿಪ್ ಸೆಟ್ ಲಾಗರ್ ಆನ್" (ಸಿಪ್ ಮೆಸೇಜುಗಳನ್ನೆಲ್ಲ ತೋರಿಸುವ ಆಜ್ಞೆ) ಕೊಟ್ಟು, ಮಗಳ ಹತ್ತಿರ ಒಂದು ಕಾಲ್ ಮಾಡಿಸಿ, ಬಂದದ್ದನ್ನು ಪೂರ್ತಿ ಇಲ್ಲಿ ಅಂಟಿಸಿ. ಪಾಸ್‌ವರ್ಡ್ ಮತ್ತು ಹೊರಗಿನ ಐಪಿ ಅಳಿಸಿ ಹಾಕಿ.

ಲಾಗ್ ನೋಡುವ ಮೊದಲೇ ನನ್ನ ಅನುಮಾನ ಹೇಳುತ್ತೇನೆ. ಮಗಳ ಫೋನ್ "ಇನ್ವೈಟ್" (ಕಾಲ್ ಕೋರಿಕೆ) ಕಳಿಸುತ್ತದೆ. ನೀವು ರಿಸೀವರ್ ಎತ್ತಿದಾಗ ಆಸ್ಟರಿಸ್ಕ್ "200 ಓಕೆ" ಕಳಿಸುತ್ತದೆ. ಅದಕ್ಕೆ ಅವಳ ಫೋನಿನಿಂದ "ಆಕ್" (ತಲುಪಿತು ಅನ್ನುವ ಉತ್ತರ) ಬರಬೇಕು. ಬರದಿದ್ದರೆ ಆಸ್ಟರಿಸ್ಕ್ ಅದೇ 200 ಓಕೆಯನ್ನು ಮತ್ತೆ ಮತ್ತೆ ಕಳಿಸುತ್ತದೆ. ಮೊದಲು ಅರ್ಧ ಸೆಕೆಂಡು ಬಿಟ್ಟು, ಆಮೇಲೆ 1, 2, 4, ಮುಂದೆ ಪ್ರತಿ 4 ಸೆಕೆಂಡಿಗೊಮ್ಮೆ. 2002ರ ಆರ್‌ಎಫ್‌ಸಿ 3261ರಲ್ಲಿ (ಸಿಪ್‌ನ ನಿಯಮ ದಾಖಲೆ) ಇದಕ್ಕೆ ಗಡುವು ಇದೆ: ಅರ್ಧ ಸೆಕೆಂಡಿನ 64 ಪಟ್ಟು. ಅಂದರೆ 32 ಸೆಕೆಂಡು. ಅಷ್ಟರಲ್ಲಿ ಆಕ್ ಬರದಿದ್ದರೆ "ಬೈ" ಕಳಿಸಿ ಕಾಲ್ ಮುಗಿಸುತ್ತದೆ.

ಪ್ಯಾಕೆಟ್_ಪ್ರಿಯ | ಸೋಮವಾರ ರಾತ್ರಿ 9:11

ಆಕ್ ತಿಂದು ಹಾಕುವುದು ಎಎಲ್‌ಜಿಯೇ. ನಾನು ಮೊದಲೇ ಹೇಳಿದ್ದೆ.

ಲ್ಯಾಬ್_ಸುಮ | ಸೋಮವಾರ ರಾತ್ರಿ 9:14

ಲಾಗ್ ಬರಲಿ, ಆಮೇಲೆ ಮಾತಾಡೋಣ.

ತೋಟದಮನೆ | ಮಂಗಳವಾರ ಬೆಳಿಗ್ಗೆ 7:02

[ಲಾಗ್ ಅಂಟಿಸಿದ್ದೇನೆ, 400 ಸಾಲು ಇದೆ]

ಲ್ಯಾಬ್_ಸುಮ | ಮಂಗಳವಾರ ಬೆಳಿಗ್ಗೆ 9:40

ಸಿಕ್ಕಿತು. 200 ಓಕೆ 11 ಸಲ ಹೋಗಿದೆ, ಒಂದೂ ಆಕ್ ಬಂದಿಲ್ಲ. ಈಗ ಆ 200 ಓಕೆಯ ಒಳಗೆ ನೋಡಿ. ಕೆಳಗೆ ಎಸ್‌ಡಿಪಿ ಭಾಗದಲ್ಲಿ "ಸಿ=" ಸಾಲಿನಲ್ಲಿ ನಿಮ್ಮ ಹೊರಗಿನ ವಿಳಾಸ ಇದೆ. ಧ್ವನಿಯ ಪ್ಯಾಕೆಟ್ ಹೋಗುವುದು ಅಲ್ಲಿಗೆ, ಅದಕ್ಕೇ ಮಾತು ಸ್ಪಷ್ಟ. ಮೇಲೆ "ಕಾಂಟ್ಯಾಕ್ಟ್" ಸಾಲಿನಲ್ಲಿ ಇರುವುದು 192.168.0.50. ಅದು ನಿಮ್ಮ ಪೈ ವಿಳಾಸ, ಮನೆಯೊಳಗೆ ಮಾತ್ರ ನಡೆಯುವುದು. ಮಗಳ ಫೋನ್ ಆಕ್ ಕಳಿಸುವುದು ಕಾಂಟ್ಯಾಕ್ಟ್‌ನಲ್ಲಿ ಇರುವ ವಿಳಾಸಕ್ಕೆ. ಮೈಸೂರಿನಿಂದ 192.168.0.50ಕ್ಕೆ ಕಳಿಸಿದ್ದು ನಿಮ್ಮ ತೋಟಕ್ಕೆ ಹೇಗೆ ಬರಬೇಕು?

ನಿಮ್ಮ ಆಸ್ಟರಿಸ್ಕ್ ಸೆಟ್ಟಿಂಗ್ ಫೈಲು ಪಿಜೆಸಿಪ್ ಡಾಟ್ ಕಾನ್ಫ್‌ನಲ್ಲಿ "ಎಕ್ಸ್‌ಟರ್ನಲ್ ಮೀಡಿಯಾ ಅಡ್ರೆಸ್" ಹಾಕಿದ್ದೀರಿ, "ಎಕ್ಸ್‌ಟರ್ನಲ್ ಸಿಗ್ನಲಿಂಗ್ ಅಡ್ರೆಸ್" ಹಾಕಿಲ್ಲ. ಹೌದಾ?

ತೋಟದಮನೆ | ಮಂಗಳವಾರ ಮಧ್ಯಾಹ್ನ 12:50

ಹೌದು. ಒಂದು ವಿಡಿಯೋ ನೋಡಿ ಮೀಡಿಯಾದು ಮಾತ್ರ ಹಾಕಿದ್ದೆ. ಕಳೆದ ತಿಂಗಳು ಸಿಡಿಲಿಗೆ ಹಳೇ ಮೋಡೆಮ್ ಸುಟ್ಟು ಹೋಯಿತು. ಹೊಸದು ಬಂದ ಮೇಲೆ ಮಗಳ ಧ್ವನಿಯೇ ಕೇಳುತ್ತಿರಲಿಲ್ಲ. ಆ ಸಾಲು ಹಾಕಿದ ಮೇಲೆ ಧ್ವನಿ ಬಂತು, ಆಮೇಲೆ ಈ 32ರ ಕಾಟ ಶುರುವಾಯಿತು. ಮೋಡೆಮ್ ಬದಲಾದದ್ದು ಇದಕ್ಕೆ ಸಂಬಂಧ ಅಂತ ನನಗೆ ಹೊಳೆಯಲಿಲ್ಲ.

ಲ್ಯಾಬ್_ಸುಮ | ಮಂಗಳವಾರ ಮಧ್ಯಾಹ್ನ 1:15

ಇದೇ ಮುಖ್ಯ ವಿಷಯ ಸರ್! ಹಳೇ ಮೋಡೆಮ್‌ನ ಎಎಲ್‌ಜಿ ಎರಡೂ ವಿಳಾಸವನ್ನು ತಾನೇ ತಿದ್ದಿ ಕಳಿಸುತ್ತಿತ್ತು ಅಂತ ಕಾಣುತ್ತದೆ. ಹೊಸದು ಹಾಗೆ ಮಾಡುವುದಿಲ್ಲ. ನೀವು ಒಂದನ್ನು ಸರಿ ಮಾಡಿದಿರಿ, ಇನ್ನೊಂದು ಉಳಿಯಿತು. ಸಿಗ್ನಲಿಂಗ್ ಅಡ್ರೆಸ್‌ಗೂ ಅದೇ ಡಿಡಿಎನ್‌ಎಸ್ ಹೆಸರು (ಬದಲಾಗುವ ಹೊರವಿಳಾಸಕ್ಕೆ ಕೊಟ್ಟ ಖಾಯಂ ಹೆಸರು) ಹಾಕಿ. "ಲೋಕಲ್ ನೆಟ್" (ಮನೆಯೊಳಗಿನ ವಿಳಾಸಗಳ ಸಾಲು) 192.168.0.0/24 ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಪಂಪ್‌ಹೌಸಿನ ಫೋನಿಗೂ ಹೊರಗಿನ ವಿಳಾಸವೇ ಹೋಗುತ್ತದೆ.

ಪ್ಯಾಕೆಟ್_ಪ್ರಿಯ | ಮಂಗಳವಾರ ಮಧ್ಯಾಹ್ನ 1:40

ಇಲ್ಲಿ ನನ್ನ ಊಹೆ ತಪ್ಪಾಯಿತು, ಒಪ್ಪುತ್ತೇನೆ. ಆದರೂ ಎಎಲ್‌ಜಿಯನ್ನು ನಂಬಿ ಕೂರಬಾರದು ಅನ್ನುವುದು ಬದಲಾಗಲ್ಲ. ನಾಳೆ ಟಿಎಲ್‌ಎಸ್ ಹಾಕಿದರೆ ಮೆಸೇಜ್ ಪೂರ್ತಿ ಮುಚ್ಚಿರುತ್ತದೆ. ಎಎಲ್‌ಜಿಗೆ ಓದಲಿಕ್ಕೇ ಆಗದಿದ್ದರೆ ತಿದ್ದುವುದು ಏನನ್ನು?

ತೋಟದಮನೆ | ಮಂಗಳವಾರ ರಾತ್ರಿ 7:50

ಹಾಕಿದೆ. ಪಿಜೆಸಿಪ್ ರೀಲೋಡ್ ಕೊಟ್ಟೆ. ಅದೇ 32. ಅಮ್ಮ ಬೇಜಾರಾಗಿ ಎದ್ದು ಒಳಗೆ ಹೋದರು.

ಲ್ಯಾಬ್_ಸುಮ | ಮಂಗಳವಾರ ರಾತ್ರಿ 7:58

ರೀಲೋಡ್ ಸಾಲದು. ಈ ಎರಡೂ ಸಾಲು ಇರುವುದು ಟ್ರಾನ್ಸ್‌ಪೋರ್ಟ್ ಭಾಗದಲ್ಲಿ. ಟ್ರಾನ್ಸ್‌ಪೋರ್ಟ್ ಭಾಗದ ಬದಲಾವಣೆ ಸಾಮಾನ್ಯವಾಗಿ ರೀಲೋಡ್‌ಗೆ ಬರುವುದಿಲ್ಲ. ಆಸ್ಟರಿಸ್ಕನ್ನು ಪೂರ್ತಿ ರೀಸ್ಟಾರ್ಟ್ ಮಾಡಿ. ಈಗಲೇ ಮಾಡಿ, ನಾನು ಇಲ್ಲೇ ಇದ್ದೇನೆ.

ಲಾಗ್‌ನಲ್ಲಿ ಇನ್ನೊಂದು ಕಂಡಿತು. ಎಲ್ಲಿಂದಲೋ "ಫ್ರೆಂಡ್ಲಿ ಸ್ಕ್ಯಾನರ್" ಅನ್ನುವ ಹೆಸರಿನಲ್ಲಿ ಯಾರೋ 100, 101, 102 ಅಂತ ಒಂದೊಂದೇ ನಂಬರ್ ತಟ್ಟಿ ನೋಡುತ್ತಿದ್ದಾರೆ. ಸಿಪ್ ಪೋರ್ಟ್ ತೆರೆದರೆ ಇವು ಬಂದೇ ಬರುತ್ತವೆ. 103ರ ಪಾಸ್‌ವರ್ಡ್ ಏನಿಟ್ಟಿದ್ದೀರಿ ಅಂತ ಇಲ್ಲಿ ಹೇಳಬೇಡಿ, ಉದ್ದದ್ದು ಹಾಕಿ. ಫೇಲ್‌ಟುಬ್ಯಾನ್ (ಹೀಗೆ ತಟ್ಟುವವರನ್ನು ತಡೆಯುವ ಸಾಫ್ಟ್‌ವೇರ್) ಕೂಡ ಹಾಕಿ.

ತೋಟದಮನೆ | ಮಂಗಳವಾರ ರಾತ್ರಿ 9:26

41 ನಿಮಿಷ! 41 ನಿಮಿಷ ಮಾತಾಡಿದರು! ಸಾರಿನ ಕಥೆ, ಪರೀಕ್ಷೆಯ ಕಥೆ, ಕೊಟ್ಟಿಗೆಯಲ್ಲಿ ಹುಟ್ಟಿದ ಕರುವಿನ ಕಥೆ, ಎಲ್ಲ ಆಯಿತು. ಕೊನೆಗೆ ಅಮ್ಮನೇ "ಸಾಕು ಮಲಗು" ಅಂತ ರಿಸೀವರ್ ಇಟ್ಟರು. ಸುಮ ಅವರೇ, ಹಳೇಎಕ್ಸ್‌ಚೇಂಜ್ ಸರ್, ಎಲ್ಲರಿಗೂ ತುಂಬಾ ಧನ್ಯವಾದ. ಪಾಸ್‌ವರ್ಡ್ 103 ಅಂತಲೇ ಇತ್ತು, ಬದಲಾಯಿಸಿದೆ.

ಹಳೇಎಕ್ಸ್‌ಚೇಂಜ್ | ಮಂಗಳವಾರ ರಾತ್ರಿ 10:02

ಬಹಳ ಸಂತೋಷ. ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ನಮ್ಮ ಕಿತ್ತೂರಿನಲ್ಲೇ ಶುರುವಾದದ್ದು, 1986ರಲ್ಲಿ. ಹವಾನಿಯಂತ್ರಣ ಬೇಡದ, 128 ಪೋರ್ಟಿನ ಪೆಟ್ಟಿಗೆ. ಅಂಥದ್ದನ್ನು ನಾನೂ ನೋಡಿಕೊಂಡಿದ್ದೇನೆ, ಒಂದು ಊರಿಗೇ ಅದು ಸಾಕಾಗುತ್ತಿತ್ತು. ಈಗ ಅಂಗೈಯಷ್ಟು ಪೈ ಅದೇ ಕೆಲಸ ಮಾಡುತ್ತದೆ. ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುವ ಎ-ಲಾ ಮಾತ್ರ ಅಂದಿನದೇ. ಅಂದು ಆ 64 ಕಿಲೋಬಿಟ್ ದಾರಿ ಕಾಲ್ ಮುಗಿಯುವ ತನಕ ನಿಮಗೇ ಮೀಸಲು. ಈಗ ಅದೇ ಮಾತು 20 ಮಿಲಿಸೆಕೆಂಡಿನ ತುಂಡುಗಳಾಗಿ ಒಂದೊಂದಾಗಿ ಹೊರಡುತ್ತದೆ. ಪ್ರತಿ ತುಂಡಿಗೂ ಸರಿಯಾದ ವಿಳಾಸ ಬೇಕು.

ಜಿಟ್ಟರ್‌ಬಫರ್ | ಬುಧವಾರ ಬೆಳಿಗ್ಗೆ 8:15

ಅಭಿನಂದನೆ ಸರ್. ಈಗಲಾದರೂ ಓಪಸ್ ಹಾಕಿ ನೋಡಿ, ಮಗಳ ಧ್ವನಿ ಪಕ್ಕದಲ್ಲೇ ಕೂತ ಹಾಗೆ ಕೇಳುತ್ತದೆ. @ಮಲ್ಪೆ_ರೇಡಿಯೋ ಡಯಲ್ ಫೋನಿನ ಫೋಟೋ ಎಲ್ಲಿ?

ಕಾಫಿ_ಕಣಿವೆ | ಬುಧವಾರ ಮಧ್ಯಾಹ್ನ 3:33

ನನಗೂ ಇದೇ ಸಮಸ್ಯೆ ಅಂತ ಕಾಣುತ್ತದೆ. ಮೇಲೆ ಹೇಳಿದ ಎರಡೂ ಸಾಲು ಹಾಕಿದೆ, ರೀಸ್ಟಾರ್ಟ್ ಮಾಡಿದೆ. ಹೊರಗಿನಿಂದ ಫೋನ್ ರಿಜಿಸ್ಟರ್ ಕೂಡ ಆಗುತ್ತಿಲ್ಲ. ಪೋರ್ಟ್ ಫಾರ್ವರ್ಡ್ ಸರಿ ಇದೆ. ಮೋಡೆಮ್ ಪುಟದಲ್ಲಿ ಹೊರಗಿನ ವಿಳಾಸ 100.72 ಅಂತ ಶುರುವಾಗುತ್ತದೆ.

ಲ್ಯಾಬ್_ಸುಮ | ಬುಧವಾರ ಸಂಜೆ 6:10

ನಿಮ್ಮದು ಬೇರೆ ಸಮಸ್ಯೆ. 100.64ರಿಂದ 100.127ರ ತನಕದ ವಿಳಾಸಗಳು ಇಂಟರ್ನೆಟ್ ಕಂಪನಿಯ ಒಳಗಿನವು. ಎಷ್ಟೋ ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸಿರುತ್ತಾರೆ. ನಿಮ್ಮ ಮೋಡೆಮ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಹೊರಗಿನ ಕಾಲ್ ಅಲ್ಲಿ ತನಕ ಬರುವುದೇ ಇಲ್ಲ. ಸ್ಥಿರ ವಿಳಾಸ ಕೇಳಿ ತೆಗೆದುಕೊಳ್ಳಬೇಕು, ಇಲ್ಲವೇ ಸಣ್ಣ ವಿಪಿಎಸ್ (ಇಂಟರ್ನೆಟ್‌ನಲ್ಲಿರುವ ಸರ್ವರ್) ಬಾಡಿಗೆಗೆ ತೆಗೆದುಕೊಂಡು ವೈರ್‌ಗಾರ್ಡ್ (ವಿಪಿಎನ್) ಸುರಂಗ ಹಾಕಬೇಕು. ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಬರುತ್ತಿದೆಯಾ? ಮೋಡೆಮ್‌ನ ಸ್ಟೇಟಸ್ ಪುಟ ನೋಡಿ ಹೇಳಿ, ಬೇರೆ ಎಳೆ ತೆರೆದು ಅಲ್ಲಿ ಮುಂದುವರಿಸೋಣ.

ಮಲ್ಪೆ_ರೇಡಿಯೋ | ಬುಧವಾರ ರಾತ್ರಿ 9:00

[ಫೋಟೋ] ಇದೇ ನೋಡಿ. ಡಯಲ್ ಮೇಲೆ ಅಜ್ಜಿ ಅಂಟಿಸಿದ ಕುಂಕುಮದ ಬೊಟ್ಟು ಹಾಗೇ ಬಿಟ್ಟಿದ್ದೇನೆ.