ಅಘನಾಶಿನಿಯಲ್ಲಿ ಕ್ರ್ಯಾಬ್ ಪ್ಲವರ್: ಜಾಗ ಹೇಳಬೇಕಾ, ಬೇಡವಾ?

ಮರಳುದಿಬ್ಬ: ನಿನ್ನೆ ಬೆಳಿಗ್ಗೆ ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಎರಡು ಕ್ರ್ಯಾಬ್ ಪ್ಲವರ್, ಅದೇ ಏಡಿ ತಿನ್ನುವ ಕಪ್ಪುಬಿಳುಪು ಕಡಲತೀರದ ಹಕ್ಕಿ. ಒಂದು ದೊಡ್ಡದು, ಇನ್ನೊಂದು ಬೂದು ಮೈಯ ಮರಿ. ಫೋಟೋ ಮಸುಕಾಗಿದೆ, ಬೈಯಬೇಡಿ.

ಬೆಂಗಳೂರು ದುರ್ಬೀನು: ಅಯ್ಯೋ ಸಾರ್! ಇದಕ್ಕಾಗಿ ಕಚ್ಛ್ ಕೊಲ್ಲಿಯವರೆಗೂ ಹೋಗಿ ಬಂದವನು ನಾನು. ಶನಿವಾರ ರಾತ್ರಿ ಬಸ್ಸಿಗೇ ಹೊರಟೆ. ಅಳಿವೆ ಅಂದರೆ ಅಷ್ಟು ದೊಡ್ಡದು, ಯಾವ ದಿಬ್ಬ? ಲೊಕೇಶನ್ ಹಾಕಿ.

ಸಂಶಯಪಿಶಾಚಿ: ಮೆಟ್ಟುಗಾಲು ಹಕ್ಕಿ ಅಲ್ಲ ತಾನೇ? ಎದುರು ಬಿಸಿಲಿಗೆ ಎಲ್ಲವೂ ಕಪ್ಪುಬಿಳುಪೇ.

ಮರಳುದಿಬ್ಬ: ಮೆಟ್ಟುಗಾಲಿಗೆ ಗುಲಾಬಿ ಕಾಲು, ಸೂಜಿ ಕೊಕ್ಕು. ಇದರ ಕಾಲು ನೀಲಿಬೂದು, ಕೊಕ್ಕು ಚೂರಿಯಂತೆ ದಪ್ಪ. ಏಡಿ ಹಿಡಿದು ಕುಕ್ಕಿ ಕುಕ್ಕಿ ತಿಂದಿತು. ಮರಿ ಹಿಂದಿಂದೆಯೇ ಓಡಿ ಬಾಯಿ ತೆರೆಯುತ್ತಿತ್ತು. ಅರಬ್ಬಿ ಕಡೆಯ ದಡಗಳಲ್ಲಿ ಮರಳಿನೊಳಗೆ ಬಿಲ ತೋಡಿ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ ಇದು. ಚಳಿಗಾಲ ಕಳೆಯಲು ಇಷ್ಟು ದೂರ ಬಂದ ಮೇಲೂ ಆ ಮರಿಗೆ ಉಣಿಸುತ್ತದೆ.

ಸಂಶಯಪಿಶಾಚಿ: ಸರಿ, ಒಪ್ಪಿದೆ. ಆದರೆ ಲೊಕೇಶನ್ ಬೇಡವೇ ಬೇಡ. ಹೋದ ವರ್ಷ ಬೇರೊಂದು ಬೀಚಿನಲ್ಲಿ ನೋಡಿದ್ದೇನೆ. ಭರತದ ಹೊತ್ತು, ಕಡಲ ನೀರು ಏರಿ ಕೆಸರುಬಯಲೆಲ್ಲ ಮುಳುಗಿ ಹಕ್ಕಿಗಳಿಗೆ ನಿಲ್ಲಲು ಒಂದು ತುಂಡು ಮರಳು ಉಳಿದಿತ್ತು. ಲೆನ್ಸ್ ಹೊತ್ತ ಗುಂಪು ಅಲ್ಲಿಗೇ ನುಗ್ಗಿತು. ಹಾರುವ ಶಾಟ್ ಬೇಕೆಂದು ಒಬ್ಬ ಚಪ್ಪಾಳೆ ತಟ್ಟಿದ, ಪುಣ್ಯಾತ್ಮ.

ಬೆಂಗಳೂರು ದುರ್ಬೀನು: ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅಘನಾಶಿನಿ ಈಗ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ. ಏನು ಬರುತ್ತದೆ, ಎಷ್ಟು ಬರುತ್ತದೆ ಅಂತ ಲೆಕ್ಕವೇ ಇಲ್ಲದಿದ್ದರೆ ನಾಳೆ ಯಾವುದೋ ಯೋಜನೆ ಬಂದಾಗ ಏನು ತೋರಿಸುತ್ತೀರಿ?

ಸಂಶಯಪಿಶಾಚಿ: ಲೆಕ್ಕ ಬೇರೆ, ಲೈವ್ ಲೊಕೇಶನ್ ಬೇರೆ ಸ್ವಾಮಿ.

ಬಳಚು ಕುಮಟಾ: ನಮ್ಮನೆಯವರು ಇಳಿತದಲ್ಲಿ ಬಳಚು, ಅಂದರೆ ಚಿಪ್ಪುಮೀನು ಹೆಕ್ಕುವವರು. ಹತ್ತು ಮಾರು ಆಚೆ ಹಕ್ಕಿಗಳು ಮೇಯುತ್ತಿರುತ್ತವೆ, ಹಾರುವುದಿಲ್ಲ. ನಾವು ಬಗ್ಗಿ ನಮ್ಮ ಪಾಡಿಗೆ ಇರುತ್ತೇವಲ್ಲ. ನೆಟ್ಟಗೆ ಅವುಗಳ ಕಡೆಗೇ ನಡೆದು ಬರುವವರನ್ನು ಕಂಡರೆ, ನಾಯಿ ಕಂಡರೆ ಏಳುತ್ತವೆ. ಬರುವುದಾದರೆ ಇಳಿತ ಶುರುವಾದ ಮೇಲೆ ಬನ್ನಿ, ದೋಣಿಯವರನ್ನು ಕೇಳಿಕೊಂಡು ಬನ್ನಿ. ಕೆಸರಲ್ಲಿ ಹೂತರೆ ಎಳೆಯುವವರು ನಾವೇ ಮಾರಾಯ್ರೆ.

ಮರಳುದಿಬ್ಬ: ಇದು ಸರಿ. ಹಕ್ಕಿ ಹೊರಟುಹೋದ ಮೇಲೆ ಈಬರ್ಡ್‌ಗೆ, ಆ ಹಕ್ಕಿ ಲೆಕ್ಕದ ವೆಬ್‌ಸೈಟಿಗೆ, ಹಾಕುತ್ತೇನೆ. ದುರ್ಬೀನಿನವರೇ, ಒಬ್ಬರೇ ಬರುವುದಾದರೆ ಮೆಸೇಜ್ ಮಾಡಿ.

ಬೆಂಗಳೂರು ದುರ್ಬೀನು: ಒಬ್ಬನೇ. ಭಾನುವಾರ ಬೆಳಿಗ್ಗೆ ಆರಕ್ಕೆ ಕುಮಟಾ ಸ್ಟ್ಯಾಂಡ್ ಮುಟ್ಟುತ್ತೇನೆ.

ಬಳಚು ಕುಮಟಾ: ಆಗ ಪೂರ್ತಿ ಭರತ. ಚಾ ಕುಡಿದು ಕೂತಿರಿ.