ಬೈಪಾಸ್ ಆದ ಮೇಲೆ ಪತಿ ಪ್ರಾರ್ಥನೆಯನ್ನೇ ಬಿಟ್ಟಿದ್ದಾರೆ

ಪ್ರಶ್ನೆ:
ನನ್ನ ಪತಿಗೆ ಬೈಪಾಸ್ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದಿದ್ದಾರೆ. ಗಾಯ ಚೆನ್ನಾಗಿ ಮಾಯುತ್ತಿದೆ. ಆದರೆ ರಾತ್ರಿಯ ಕುಟುಂಬ ಪ್ರಾರ್ಥನೆಯನ್ನು ತಾವೇ ನಡೆಸುತ್ತಿದ್ದವರು ಈಗ ಮುಖ ತಿರುಗಿಸಿಕೊಳ್ಳುತ್ತಾರೆ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿ ಹಿಡಿದು ನರಳುತ್ತಾರೆ. ನಾನು ಗಟ್ಟಿಯಾಗಿ ಪ್ರಾರ್ಥಿಸಲು ತೊಡಗಿದರೆ ‘ಸಾಕು’ ಎನ್ನುತ್ತಾರೆ. ಅವರ ವಿಶ್ವಾಸ ಕುಂದಿತೇ ಎಂದು ಭಯವಾಗುತ್ತಿದೆ.

ಉತ್ತರ 1:
ಸಹೋದರಿ, ದಯವಿಟ್ಟು ಹಾಗೆ ತೀರ್ಮಾನಿಸಬೇಡಿ. ನನ್ನ ಹೆಂಡತಿಗೂ ಇದೇ ಶಸ್ತ್ರಚಿಕಿತ್ಸೆಯಾಗಿತ್ತು. ಹೃದಯದ ಶಸ್ತ್ರಚಿಕಿತ್ಸೆಯ ನಂತರ ಅನೇಕರನ್ನು ಖಿನ್ನತೆ ಕಾಡುತ್ತದೆ. ಕೊಯ್ದ ಎದೆಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು; ಅಂಥ ನೋವಿನಲ್ಲಿ ದೀರ್ಘ ಪ್ರಾರ್ಥನೆ ಕೇಳುವುದೂ ದಣಿವೇ. ಅವಳು ಉಸಿರಾಟದ ವ್ಯಾಯಾಮದ ಉಪಕರಣ ಹಿಡಿದು, ಉಸಿರೆಳೆದು ಅದರ ಚೆಂಡುಗಳನ್ನು ಮೇಲೆತ್ತುವಾಗ ನಾನು ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಮುಗಿದ ಮೇಲೆ ಬೈಬಲ್‌ನ 41ನೆಯ ಕೀರ್ತನೆಯ ಒಂದೇ ವಚನ ಓದುತ್ತಿದ್ದೆ, ಅಷ್ಟೇ. ಆಮೆನ್ ಎನ್ನಲೂ ಒತ್ತಾಯಿಸಲಿಲ್ಲ. ಮುಂದೆ ಅವಳೇ 88ನೆಯದನ್ನು ಕೇಳಿ ಓದಿಸಿಕೊಂಡಳು. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ದೇವರನ್ನೇ ಕರೆಯುತ್ತದೆ.

ಉತ್ತರ 2:
ನಾನು ನರ್ಸ್. ಮಂಕುತನ ಎರಡು ವಾರ ದಾಟಿದರೆ, ಊಟ, ನಿದ್ರೆ ಕೆಟ್ಟರೆ ವೈದ್ಯರಿಗೆ ಹೇಳಲೇಬೇಕು. ಜ್ವರ ಅಥವಾ ಗಾಯದಲ್ಲಿ ಕೀವು ಕಂಡರೆ ಅದೇ ದಿನ ತಿಳಿಸಿ. ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಪ್ರಾರ್ಥನೆಯ ಹೆಸರಿನಲ್ಲಿ ಮಾತ್ರೆ ತಪ್ಪಿಸಬೇಡಿ. ಸುವಾರ್ತೆ ಬರೆದ ಲೂಕನೂ ವೈದ್ಯನೇ.

ಉತ್ತರ 3:
ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಬಳಿಗೆ ಹೊತ್ತು ತಂದವರು ನಾಲ್ವರು. ನೀವೊಬ್ಬರೇ ಹೊರಬೇಡಿ, ಅಕ್ಕಾ. ಬೈಬಲ್‌ನಲ್ಲಿರುವ ತನ್ನ ಪತ್ರದಲ್ಲಿ ಯಾಕೋಬನು ಬರೆದಂತೆ, ಪ್ರಾರ್ಥಿಸಲು ಸಭೆಯ (ಚರ್ಚಿನ) ಹಿರಿಯರನ್ನು ಕರೆಸಿ. ಆದರೆ ಹತ್ತು ನಿಮಿಷದಲ್ಲಿ ಮುಗಿಸಬೇಕೆಂದು ಮೊದಲೇ ಹೇಳಿಬಿಡಿ.