ಅಪ್‌ಡೇಟ್: ಜರ್ಮನಿಯಿಂದ ವಾಪಸ್ ಬರಲಾ ಅಂತ ಕೇಳಿದ್ದೆನಲ್ಲ

ಎರಡು ತಿಂಗಳ ಹಿಂದೆ ಕೇಳಿದ್ದೆ: ಸ್ಟುಟ್‌ಗಾರ್ಟ್ ಹತ್ತಿರ ಒಂದು ವೃದ್ಧಾಶ್ರಮದಲ್ಲಿ ಎಫ್‌ಎಸ್‌ಜೆ, ಅಂದರೆ ಒಂದು ವರ್ಷದ ಸ್ವಯಂಸೇವೆ ಮಾಡುತ್ತಿದ್ದೇನೆ. ಅಜ್ಜಿಯರ ಮಾತು ಅರ್ಥವಾಗಲ್ಲ, ಪಾಕೆಟ್ ಮನಿ 20ನೇ ತಾರೀಖಿಗೇ ಖಾಲಿ, ಊರಿಗೆ ಬಂದುಬಿಡಲಾ ಅಂತ.

ಬರಲಿಲ್ಲ!

ನಾನು ಕಲಿತಿದ್ದು ಪುಸ್ತಕದ ಜರ್ಮನ್. ಇಲ್ಲಿ ಆಡುವುದು ಶ್ವೇಬಿಷ್, ಅಂದರೆ ಈ ಭಾಗದ ಆಡುಭಾಷೆ. ಸಿಕ್ಕ ಪದಕ್ಕೆಲ್ಲ ಕೊನೆಗೊಂದು 'ಲೆ' ಅಂಟಿಸುತ್ತಾರೆ. ಹುಡುಗಿ ಅಂದರೆ 'ಮೇಡ್‌ಲೆ'. ಮೊದಲ ವಾರ ಎಲ್ಲರೂ ನನ್ನನ್ನು 'ಲೇ' ಅಂತ ಕರೆದ ಹಾಗೇ ಇತ್ತು. ನೀವು ಹೇಳಿದಂತೆ ಸುಮ್ನೆ ತಲೆಯಾಡಿಸುವುದು ಬಿಟ್ಟೆ, ಇನ್ನೊಮ್ಮೆ ಹೇಳಿ ಅಂತ ಕೇಳತೊಡಗಿದೆ. ಈಗ 91 ವರ್ಷದ ಅಜ್ಜಿಯೊಬ್ಬರು, ನಾನು ಬ್ರೆಡ್ಡಿಗೆ ಬೆಣ್ಣೆ ಸವರುವಾಗ ದಿನಕ್ಕೊಂದು ಪದ ಕಲಿಸುತ್ತಾರೆ. ತಪ್ಪು ಹೇಳಿದರೆ ಮೊಣಕೈಗೆ ಚಮಚದಲ್ಲಿ ಒಂದು ಏಟು.

ದುಡ್ಡಿನ ವಿಷಯ ನನ್ನದೇ ದಡ್ಡತನ. ನೀರಿನ ಖಾಲಿ ಬಾಟಲಿಗಳನ್ನು ಎಸೆಯುತ್ತಿದ್ದೆ. ಅಂಗಡಿಯ ಮೆಷಿನ್ನಿಗೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್! ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಾಗಾಗಿ ಅಕ್ಕಿ, ಮೊಸರು ಶನಿವಾರವೇ ತರುತ್ತೇನೆ. ಹೋಟೆಲ್ ಖರ್ಚು ತಪ್ಪಿತು. ಹೇಗೋ 28ರವರೆಗೆ ಎಳೆಯುತ್ತದೆ.

ಒಂದೇ ತೊಂದರೆ ಉಳಿದಿದೆ. ಹೀಟರ್ ಪಕ್ಕ ಇಟ್ಟರೂ ದೋಸೆ ಹಿಟ್ಟು ಉಬ್ಬುತ್ತಿಲ್ಲ. ಯಾರಿಗಾದರೂ ಉಪಾಯ ಗೊತ್ತಾ?